ಆ 'ಎಕ್ಸ್‌ಹೋಸ್ಟ್ ಪ್ಲಸ್' ಕೊಡಬೇಡಿ

ಪ್ರಶ್ನೆ: ಕಚೇರಿಯ ಲಿನಕ್ಸ್ ಸರ್ವರಿನಲ್ಲಿರುವ ಸಾಫ್ಟ್‌ವೇರನ್ನು ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆಯಲು ಹೋದರೆ ಡಿಸ್‌ಪ್ಲೇ ಸಿಗುತ್ತಿಲ್ಲ ಎನ್ನುತ್ತದೆ. ಲಿನಕ್ಸ್ ಕಿಟಕಿಗಳನ್ನು ಪರದೆಗೆ ತರುವ ಎಕ್ಸ್ ಸರ್ವರ್ ಹಾಕಿಕೊಂಡಿದ್ದೇನೆ. ವಿಡಿಯೊವೊಂದರಲ್ಲಿ ಹೇಳಿದಂತೆ ಫೈರ್‌ವಾಲ್ ಆಫ್ ಮಾಡಿ 'ಎಕ್ಸ್‌ಹೋಸ್ಟ್ ಪ್ಲಸ್' ಕೊಡಲೇ?

ಉತ್ತರ: ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಜೊತೆಗೆ ಅದೇ ವಿಡಿಯೊ ಪಂಡಿತರ ಮದ್ದು. ಎಕ್ಸ್‌ನಲ್ಲಿ ಸರ್ವರ್ ಎಂದರೆ ಪರದೆ, ಕೀಬೋರ್ಡ್ ಇರುವ ನಿಮ್ಮ ಲ್ಯಾಪ್‌ಟಾಪು. ಕಚೇರಿಯ ಸಾಫ್ಟ್‌ವೇರ್ ಅದರ ಕ್ಲೈಂಟು. ಯಾವ ಯಂತ್ರ ಬಂದರೂ ತಡೆಯಬೇಡ ಎನ್ನುವ 'ಎಕ್ಸ್‌ಹೋಸ್ಟ್ ಪ್ಲಸ್' ಕಮಾಂಡ್ ತೆರೆಯುವುದು ನಿಮ್ಮ ಬಾಗಿಲನ್ನು. ಎಕ್ಸ್ ಸರ್ವರ್ ಕಿವಿಗೊಡುವ 6000ನೇ ಪೋರ್ಟಿಗೆ ತಲುಪಬಲ್ಲ ಯಾರಾದರೂ ಆ ಎಕ್ಸ್ ಕಿಟಕಿಗಳ ಚಿತ್ರ ತೆಗೆಯಬಹುದು, ಅಲ್ಲಿ ಒತ್ತಿದ ಪಾಸ್‌ವರ್ಡನ್ನೂ ಓದಬಹುದು. ನಾನಿದ್ದ ಲ್ಯಾಬೊಂದರಲ್ಲಿ ಎಲ್ಲ ಯಂತ್ರಗಳಿಗೂ ಇದನ್ನೇ ಹಾಕಿಟ್ಟಿದ್ದರು. ಒಬ್ಬ ಹುಡುಗ ಪಕ್ಕದವಳ ಪರದೆಯನ್ನು ದಿನವೂ ನೋಡುತ್ತಿದ್ದ. ಅಂದಿನಿಂದ ಈ ವಿಷಯದಲ್ಲಿ ನನ್ನದು ರಾಜಿಯಿಲ್ಲದ ಮಾತು.

ಇಷ್ಟಾಗಿಯೂ ಆ ಮದ್ದಿನಿಂದ ರೋಗ ವಾಸಿಯಾಗುವುದಿಲ್ಲ. 192.168ರಿಂದ ಶುರುವಾಗುವ ನಿಮ್ಮ ವಿಳಾಸವನ್ನು ಮನೆಯ ರೌಟರಿನಾಚೆಯಿಂದ ತಲುಪಲಾಗದು. ಕಚೇರಿಯ ಯಂತ್ರ ಅಲ್ಲಿಗೆ ಬರುವುದಾದರೂ ಹೇಗೆ?

ದಾರಿ ಎಸ್‌ಎಸ್‌ಎಚ್ ಒಳಗಿದೆ, ಅಂದರೆ ದೂರದ ಯಂತ್ರಕ್ಕೆ ನೀವು ಲಾಗಿನ್ ಆಗುವ ಸುರಕ್ಷಿತ ಸಂಪರ್ಕದೊಳಗೆ; ಕಿಟಕಿಗಳು ಅದೇ ಸುರಂಗದಲ್ಲಿ ಬರುತ್ತವೆ, ಇದೇ ಎಕ್ಸ್11 ಫಾರ್ವರ್ಡಿಂಗ್. ವಿಂಡೋಸ್‌ನಲ್ಲಿ ಇದಕ್ಕೆ ಬಳಸುವ ಪುಟ್ಟಿ ಸಾಫ್ಟ್‌ವೇರಿನ ಎಸ್‌ಎಸ್‌ಎಚ್ ವಿಭಾಗದಲ್ಲಿ ಎಕ್ಸ್11 ಫಾರ್ವರ್ಡಿಂಗ್‌ಗೆ ಟಿಕ್ ಹಾಕಿ ಲಾಗಿನ್ ಆಗಿ. ಟರ್ಮಿನಲ್ಲಿನಿಂದಲಾದರೆ ssh ಕಮಾಂಡಿಗೆ ದೊಡ್ಡಕ್ಷರದ ಎಕ್ಸ್ ಆಯ್ಕೆ (-X). ಚಿಕ್ಕಕ್ಷರ ಕೊಟ್ಟರೆ ಫಾರ್ವರ್ಡಿಂಗ್ ಬಂದ್ ಆಗುತ್ತದೆ. ಒಳಹೊಕ್ಕ ಮೇಲೆ, ಕಿಟಕಿ ಎಲ್ಲಿ ತೆರೆಯಬೇಕೆಂದು ಹೇಳುವ ಡಿಸ್‌ಪ್ಲೇ ವೇರಿಯೇಬಲ್ ನೋಡಿ: ಸಾಮಾನ್ಯವಾಗಿ ಲೋಕಲ್‌ಹೋಸ್ಟ್ ಹೆಸರಿನ ಮುಂದೆ 10.0 ಇರುತ್ತದೆ. ಅದನ್ನು ಮುಟ್ಟಬೇಡಿ. ಟರ್ಮಿನಲ್ ಶುರುವಾಗುವಾಗ ಓದುವ ಬ್ಯಾಶ್ಆರ್‌ಸಿ ಕಡತಕ್ಕೆ ಹಿಂದೆಂದೋ ಸೇರಿಸಿದ ಡಿಸ್‌ಪ್ಲೇ ಸಾಲಿದ್ದರೆ ಮೊದಲು ಅಳಿಸಿ. ನನಗೆ ಬರುವ ದೂರುಗಳಲ್ಲಿ ಬಹುಪಾಲು ಅದರದ್ದೇ ಕಿತಾಪತಿ. ವೇರಿಯೇಬಲ್ ಖಾಲಿ ಬಂದರೆ, ಸರ್ವರಿನಲ್ಲಿ ಎಕ್ಸ್11 ಫಾರ್ವರ್ಡಿಂಗ್‌ಗೆ ಅನುಮತಿ ಇದೆಯೇ, ಎಕ್ಸ್‌ನ ಪ್ರವೇಶ ಕೀಲಿ ನೋಡಿಕೊಳ್ಳುವ ಎಕ್ಸ್‌ಆಥ್ ಇದೆಯೇ ಎಂದು ಅಡ್ಮಿನ್‌ರನ್ನು ಕೇಳಿ.

ಇನ್ನೊಂದು ಮಾತು. ಈ ಸುರಂಗದೊಳಗೂ ಆಚೆ ತುದಿಯಲ್ಲಿ ಸಕಲ ಅಧಿಕಾರವಿರುವ ರೂಟ್ ಬಳಕೆದಾರ ನಿಮ್ಮ ಡಿಸ್‌ಪ್ಲೇಗೆ ಕೈ ಹಾಕಬಲ್ಲ. ನಂಬಿಕೆಯಿಲ್ಲದ ಯಂತ್ರಕ್ಕೆ ಫಾರ್ವರ್ಡಿಂಗ್ ಬೇಡವೇ ಬೇಡ.

ಪ್ರಶ್ನೆ: ಹೀಗೆ ಬ್ರೌಸರ್ ತೆರೆದರೆ ಆಮೆವೇಗ. ದುಬಾರಿ ಇಂಟರ್ನೆಟ್ ಪ್ಲಾನ್ ತೆಗೆದುಕೊಳ್ಳಲೇ?

ಉತ್ತರ: ದುಡ್ಡು ಉಳಿಸಿ, ಅಡ್ಡಿ ಇರುವುದು ಸಂದೇಶಗಳು ಹೋಗಿಬರುವ ಸಮಯದಲ್ಲಿ, ಸಾಫ್ಟ್‌ವೇರನ್ನು ಅಲ್ಲೇ ಓಡಲು ಬಿಟ್ಟು ಪರದೆಯ ಚಿತ್ರವನ್ನಷ್ಟೇ ಕಳಿಸುವ ಎಕ್ಸ್‌ಪ್ರಾ ಬಳಸಿ.

ಪ್ರಶ್ನೆ: ಸಂಪರ್ಕ ಕಡಿದರೆ ಸಾಫ್ಟ್‌ವೇರೂ ಮುಚ್ಚಿಹೋಗುತ್ತದೆ, ಏಕೆ?

ಉತ್ತರ: ಎಕ್ಸ್ ಇರುವುದೇ ಹಾಗೆ, ಪರದೆಯ ಸಂಪರ್ಕ ಹೋದರೆ ಕ್ಲೈಂಟೂ ಹೋಗುತ್ತದೆ. ಇದಕ್ಕೂ ಎಕ್ಸ್‌ಪ್ರಾನೇ.

ಪ್ರಶ್ನೆ: ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿಗಾಗಿ ರೌಟರಿನಲ್ಲಿ 3389ನೇ ಪೋರ್ಟ್ ತೆರೆದಿದ್ದೇನೆ, ಸರಿಯೇ?

ಉತ್ತರ: ಇದನ್ನು ಓದಿ ಮುಗಿಸುವ ಮೊದಲೇ ಮುಚ್ಚಿ, ಅದು ಇಡೀ ಇಂಟರ್ನೆಟ್ಟಿಗೆ ತೆರೆದ ಬಾಗಿಲು. ವಿಪಿಎನ್ ಎಂಬ ಖಾಸಗಿ ಸುರಂಗದ ಮೂಲಕ ಬನ್ನಿ.