ಗರ್ಭಿಣಿ ಮೀನು ತಿಂದರೆ ನಂಜಾಗುವುದೇ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವಳು, ಐದು ತಿಂಗಳ ಗರ್ಭಿಣಿ. ಮೀನು ನಂಜು, ಉಷ್ಣ, ಹೆರಿಗೆಯಾಗುವವರೆಗೆ ಮುಟ್ಟಬಾರದು ಎನ್ನುತ್ತಾರೆ ಅತ್ತೆ. ಮೀನಿನಲ್ಲಿ ಪಾದರಸವಿರುತ್ತದೆ ಎಂದೂ ಓದಿದ್ದೇನೆ. ಮನೆಯಲ್ಲಿ ವಾರಕ್ಕೊಮ್ಮೆ ಕಾಟ್ಲಾ ಸಾರು ಮಾಡುವ ರೂಢಿಯಿದೆ. ನಾನು ತಿನ್ನಬಹುದೇ?

ಉತ್ತರ: ಧಾರಾಳವಾಗಿ ತಿನ್ನಬಹುದು. ಪಾದರಸದ ಭಯಕ್ಕೆ ಆಧಾರವಿದೆ, ಆದರೆ ಅದು ಎಲ್ಲ ಮೀನಿಗೂ ಸಮನಾಗಿ ಅನ್ವಯಿಸುವುದಿಲ್ಲ. ನೀರಿಗೆ ಸೇರಿದ ಪಾದರಸವು ಸೂಕ್ಷ್ಮಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣದರಿಂದ ಅದನ್ನು ನುಂಗುವ ದೊಡ್ಡದಕ್ಕೆ ದಾಟುತ್ತಾ ಹೆಚ್ಚುತ್ತದೆ. ಬೇಯಿಸಿದರೂ ಹೋಗದ ಅದು ಮಾಸಿನ ಮೂಲಕ ಮಗುವನ್ನು ತಲುಪಿ, ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಶಾರ್ಕ್‌ನಂತಹ ದೊಡ್ಡ ಬೇಟೆ ಮೀನುಗಳನ್ನು ಈಗ ತಿನ್ನಲೇಬೇಡಿ. ಕಾಟ್ಲಾ ಹಾಗಲ್ಲ, ಅದು ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ರೋಹು, ಮೃಗಾಲ್ ಕೂಡ ಬೇಟೆಯಾಡುವ ಮೀನುಗಳಲ್ಲ. ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆಗಳೂ ಒಳ್ಳೆಯವೇ. ಮಗುವಿನ ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದ ಒಮೆಗಾ-3 ಕೊಬ್ಬು ಅವುಗಳಲ್ಲಿ ಹೇರಳವಾಗಿದೆ. ಪಾದರಸ ಕಡಿಮೆಯಿರುವ ಮೀನನ್ನು ಗರ್ಭಿಣಿಯರು ವಾರಕ್ಕೆ 225ರಿಂದ 340 ಗ್ರಾಂ, ಅಂದರೆ ಎರಡು ಮೂರು ಸಲ ತಿನ್ನಬೇಕೆಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ನಿಮ್ಮ ವಾರಕ್ಕೊಂದು ಸಾರು ಅದಕ್ಕಿಂತ ಕಡಿಮೆಯೇ ಇದೆ.

ಮೀನಿನ ಉಷ್ಣದಿಂದ ಗರ್ಭಕ್ಕೆ ತೊಂದರೆಯಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ನಿಮ್ಮ ಅತ್ತೆಯವರ ಎಚ್ಚರಿಕೆಯನ್ನು ಮಾತ್ರ ನಾನು ತಳ್ಳಿಹಾಕಲಾರೆ, ಏಕೆಂದರೆ ಕೆಟ್ಟ ಮೀನು ನಿಜಕ್ಕೂ ನಂಜೇ. ಕಿವಿರು ಕೆಂಪಗಿದೆಯೇ, ಒತ್ತಿದ ಬೆರಳಿನ ಗುರುತು ಮಾಯವಾಗುತ್ತದೆಯೇ ನೋಡಿ ಕೊಳ್ಳಿ. ಊರಿನ ಚರಂಡಿ ನೀರು ಸೇರುವ ಕೆರೆಯ ಮೀನು ಬೇಡ. ತವಾದಲ್ಲಿ ಹುರಿಯುವಾಗ ಮೇಲಿನ ರವೆ ಕೆಂಪಾದರೂ ಮುಳ್ಳಿನ ಬಳಿ ಹಸಿ ಉಳಿದಿರುವುದುಂಟು, ಆದುದರಿಂದ ಒಳಗಿನ ಮಾಂಸ ಬೆಳ್ಳಗಾಗಿ ಎಸಳೆಸಳಾಗಿ ಬಿಡುವವರೆಗೆ ಬೇಯಿಸಿ. ರಕ್ತದೊತ್ತಡವಿದ್ದರೆ ಉಪ್ಪು ಹಾಕಿದ ಒಣಮೀನನ್ನು ದೂರವಿಡಿ. ಹಿಂದೆಂದಾದರೂ ಮೀನು ತಿಂದು ಮೈಮೇಲೆ ಗಂದೆ ಎದ್ದಿದ್ದರೆ, ತಿನ್ನುವ ಮೊದಲೇ ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ತಿಳಿಸಿ.