ಹಳೆಯ ಗಿಟಾರ್ ಆಂಪ್‌ನ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ರಿವರ್ಬ್, ಟ್ರೆಮೊಲೊ ಸದ್ದು ಕಾಲಲ್ಲಿ ಒತ್ತುವ ಅಂಗೈ ಅಗಲದ ಪೆಡಲ್‌ನಲ್ಲಿ ಹೇಗೆ ಬರುತ್ತದೆ?

ಹೆಚ್ಚಿನ ರಿವರ್ಬ್ ಪೆಡಲ್‌ಗಳಲ್ಲಿ ಸ್ಪ್ರಿಂಗ್ ಇರುವುದೇ ಇಲ್ಲ. ಆಂಪ್‌ನಲ್ಲಿ ಸ್ಪ್ರಿಂಗ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚಿಪ್ ಲೆಕ್ಕ ಹಾಕಿ ಮಾಡುತ್ತದೆ.

ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ಬಿಡಿಬಿಡಿಯಾಗಿ ಮತ್ತೆ ಮತ್ತೆ ವಾಪಸ್ ಬರುತ್ತದೆ. ಅದು ಎಕೋ. ವಾಪಸ್ ಬರುವ ಸದ್ದುಗಳು ಒಂದಕ್ಕೊಂದು ಅಂಟಿಕೊಂಡು ಬಂದರೆ ರಿವರ್ಬ್. ಆಂಪ್‌ನೊಳಗೆ ಗುಮ್ಮಟ ಕಟ್ಟೋಕಾಗಲ್ಲ ಅಲ್ವಾ? ಹಾಗಾಗಿ ತಗಡಿನ ಡಬ್ಬಿಯಲ್ಲಿ ಎರಡೋ ಮೂರೋ ಉದ್ದನೆಯ ಸ್ಪ್ರಿಂಗ್ ಕಟ್ಟಿದರು. ಗಿಟಾರ್ ಸಿಗ್ನಲ್ ಒಂದು ತುದಿಯನ್ನು ಅಲುಗಿಸುತ್ತದೆ. ಆ ಅಲುಗಾಟ ಇನ್ನೊಂದು ತುದಿಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗುತ್ತದೆ. ಕೆಳಗಿನ ಸ್ವರ, ಮೇಲಿನ ಸ್ವರ ಎರಡೂ ಸ್ಪ್ರಿಂಗಿನಲ್ಲಿ ಒಂದೇ ವೇಗದಲ್ಲಿ ಓಡುವುದಿಲ್ಲ. ನೀರು ತೊಟ್ಟಿಕ್ಕಿದಂಥ ಆ ಸದ್ದಿನ ಗುಟ್ಟು ಇದೇ. ಒಳ್ಳೆಯ ಪೆಡಲ್ ಈ ಹಿಂದುಮುಂದನ್ನೂ ನಕಲು ಮಾಡುತ್ತದೆ. ಸುಮ್ನೆ ಎಕೋ ಜಾಸ್ತಿ ಮಾಡಿದರೆ ಅದು ಬರುವುದಿಲ್ಲ.

ಟ್ರೆಮೊಲೊ ಇನ್ನೂ ಸರಳ. ವಾಲ್ಯೂಮ್ ಒಂದೇ ಲಯದಲ್ಲಿ ಏರಿಳಿಯುವುದು, ಅಷ್ಟೇ. 1960ರ ದಶಕದ ಎಷ್ಟೋ ಫೆಂಡರ್ ಕಂಪನಿಯ ಆಂಪ್‌ಗಳಲ್ಲಿ ಮಿನುಗುವ ಒಂದು ಪುಟ್ಟ ನಿಯಾನ್ ಬಲ್ಬ್ ಇರುತ್ತಿತ್ತು. ಅದರ ಎದುರಿಗೆ, ಬೆಳಕು ಬಿದ್ದಾಗ ಕರೆಂಟನ್ನು ಸಲೀಸಾಗಿ ಬಿಡುವ ಒಂದು ಭಾಗ. ಬಲ್ಬ್ ಮಿನುಗಿದಂತೆ ವಾಲ್ಯೂಮೂ ಏರಿಳಿಯುತ್ತಿತ್ತು. ಕೆಲವು ಪೆಡಲ್‌ಗಳಲ್ಲಿ ಅದೇ ಉಪಾಯ, ಬಲ್ಬಿನ ಜಾಗದಲ್ಲಿ ಎಲ್‌ಇಡಿ. ತಮಾಷೆ ಅಂದರೆ ಫೆಂಡರ್‌ನವರು ಈ ಟ್ರೆಮೊಲೊಗೆ ‘ವೈಬ್ರಾಟೊ’ ಎಂದು ಬರೆದುಬಿಟ್ಟರು! ವೈಬ್ರಾಟೊದಲ್ಲಿ ಅಲುಗುವುದು ಸ್ವರ, ವಾಲ್ಯೂಮ್ ಅಲ್ಲ.

ಹಳೆಯ ಆಂಪ್‌ಗೆ ಕಾಲು ತಾಗಿದರೆ ಸ್ಪ್ರಿಂಗ್‌ಗಳು ಗುಡುಗಿದ ಹಾಗೆ ಸದ್ದು ಮಾಡುತ್ತವೆ. ಚಿಪ್ ಇರುವ ಪೆಡಲ್‌ಗೆ ಒದ್ದರೆ ನೋಯುವುದು ನಿಮ್ಮ ಕಾಲು ಮಾತ್ರ.