ಸೆಸ್ನಾ 150ಯೋ 152ಓ: ಮೊದಲು ಖಾಲಿ ತೂಕದ ಚೀಟಿ ನೋಡಿ

ಎರಡು ಸೀಟಿನ ಈ ಪುಟ್ಟ ಸೆಸ್ನಾ ವಿಮಾನಗಳಲ್ಲಿ ಹತ್ತು ಅಶ್ವಶಕ್ತಿ ಹೆಚ್ಚಿರುವ 152 ಅನ್ನೇ ಕೊಳ್ಳಲೇ, ಟ್ಯಾಂಕ್ ತುಂಬಿಸಿ ಇಬ್ಬರು ಹಾರಬಹುದೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯ ಲೆಕ್ಕ ಹಾಕಿದರೆ ಮೊದಲನೆಯದು ತಾನಾಗಿ ಬಗೆಹರಿಯುತ್ತದೆ.

152ರ ಗರಿಷ್ಠ ತೂಕ 1,670 ಪೌಂಡ್, ಅಂದರೆ 757 ಕೆಜಿ. ರೇಡಿಯೊ ಎಲ್ಲ ಹಾಕಿದ ವಿಮಾನದ ಖಾಲಿ ತೂಕ 515 ಕೆಜಿ ಎಂದಿಟ್ಟುಕೊಳ್ಳಿ. ಉಳಿದದ್ದು 242. ಎರಡೂ ಟ್ಯಾಂಕ್ ತುಂಬಿಸಿದರೆ 98 ಲೀಟರ್, ಲೀಟರಿಗೆ 0.72 ಕೆಜಿಯಂತೆ 71 ಕೆಜಿ ಅದಕ್ಕೇ ಹೋಯಿತು. ಇಬ್ಬರಿಗೂ ಚೀಲಗಳಿಗೂ ಸೇರಿ ಸಿಗುವುದು 171 ಕೆಜಿ. ತಲಾ 85 ಕೆಜಿಯ ಇಬ್ಬರು ಕೂತರೆ ಮುಗಿಯಿತು, ಚೀಲಕ್ಕೆ ಜಾಗವಿದ್ದರೂ ತೂಕವಿಲ್ಲ. 1964ರಿಂದೀಚಿನ 150ರ ಮಿತಿ 726 ಕೆಜಿ. ಆದರೆ ಅದರ ಮೈಯೂ ಸಾಮಾನ್ಯವಾಗಿ ಹಗುರ, ಹಾಗಾಗಿ ಹೊರುವ ಭಾರದಲ್ಲಿ ವ್ಯತ್ಯಾಸ ಅಲ್ಪ. ಮಾರುವವರ ಬಳಿ ಇತ್ತೀಚೆಗೆ ತೂಗಿದ ಚೀಟಿ ಕೇಳಿ. ಕಂಪನಿಯ ಪುಸ್ತಕದಲ್ಲಿರುವ ಖಾಲಿ ತೂಕ ನಂಬಬೇಡಿ. ಹಳೆಯ ವಿಮಾನ ಬಣ್ಣದ ಮೇಲೆ ಬಣ್ಣ, ವೈರಿನ ಮೇಲೆ ವೈರು ಸೇರಿ ದಪ್ಪಗಾಗಿರುತ್ತದೆ.

ಇವಕ್ಕೂ ಹಿಂದಿನ, ಬಾಲಚಕ್ರದ ಸೆಸ್ನಾ 140ರ ತಯಾರಿಕೆ ನಿಂತದ್ದು 1951ರಲ್ಲಿ. ಮೂಗುಚಕ್ರವಿರುವ 150 ಮೊದಲು ಹಾರಿದ್ದು 1957ರ ಸೆಪ್ಟೆಂಬರಿನಲ್ಲಿ. 1977ರವರೆಗೆ, ಫ್ರಾನ್ಸಿನ ರೀಮ್ಸ್‌ನಲ್ಲಿ ಕಟ್ಟಿದವೂ ಸೇರಿ, 23,800ಕ್ಕೂ ಹೆಚ್ಚು ತಯಾರಾದವು. ವರ್ಷ ಗುರುತಿಸುವುದು ಸುಲಭ: 1964ರಲ್ಲಿ ಹಿಂದಿನ ಕಿಟಕಿ, 1966ರಲ್ಲಿ ಹಿಂದಕ್ಕೆ ಬಾಗಿದ ಬಾಲ ಮತ್ತು ವಿದ್ಯುತ್ ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಹಲಗೆ), 1967ರಲ್ಲಿ ಹೊರಕ್ಕೆ ಉಬ್ಬಿದ ಬಾಗಿಲು, 1971ರಲ್ಲಿ ಕೊಳವೆಯಂಥ ಉಕ್ಕಿನ ಚಕ್ರದ ಕಾಲು. ಇಬ್ಬರೂ ದಷ್ಟಪುಷ್ಟರಾದರೆ 1967ಕ್ಕಿಂತ ಹಳೆಯದು ಬೇಡ, ಭುಜಕ್ಕೆ ಭುಜ ತಾಗುತ್ತದೆ.

152 ಬಂದದ್ದಕ್ಕೆ ಮುಖ್ಯ ಕಾರಣ ಇಂಧನ. 150ರ ಕಾಂಟಿನೆಂಟಲ್ ಓ-200 ಎಂಜಿನ್ 80 ಆಕ್ಟೇನಿನ ಪೆಟ್ರೋಲಿಗೆ ಮಾಡಿದ್ದು. ಅದು ಸಿಗುವುದು ಕಡಿಮೆಯಾಗಿ 100 ಎಲ್‌ಎಲ್ ಎಂಬ ವಿಮಾನ ಪೆಟ್ರೋಲ್ ಬಂದಾಗ ಸೀಸ ಹೆಚ್ಚಾಯಿತು, ಅದು ಕೂತು ಸ್ಪಾರ್ಕ್ ಪ್ಲಗ್ ಕಟ್ಟತೊಡಗಿತು, ವಾಲ್ವ್ ಅಂಟತೊಡಗಿತು. ಹಾಗಾಗಿ 152ಕ್ಕೆ 110 ಅಶ್ವಶಕ್ತಿಯ ಲೈಕಮಿಂಗ್ ಓ-235-ಎಲ್2ಸಿ. ತಮಾಷೆ ಎಂದರೆ ಅದರಲ್ಲೂ ಪ್ಲಗ್ ಕಟ್ಟುವ ಕಾಟ ತಪ್ಪಲಿಲ್ಲ. 1983ರಲ್ಲಿ ಅದೇ ಎಂಜಿನ್ನಿನ 108 ಅಶ್ವಶಕ್ತಿಯ ಎನ್2ಸಿ ಮಾದರಿ ಹಾಕಿದ್ದು ಅದಕ್ಕೇ. ನೆಲದ ಮೇಲೆ ಓಡಾಡುವಾಗ ಮಿಕ್ಸ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣದ ಹಿಡಿ) ಚೆನ್ನಾಗಿ ಹಿಂದಕ್ಕೆಳೆದಿಟ್ಟರೆ ಕಾಟ ಬಹಳ ಇಳಿಯುತ್ತದೆ. ಟೇಕಾಫಿಗೆ ಮುಂಚೆ ಮರೆಯದೆ ಮುಂದೂಡಿ. 1,700 ಆರ್‌ಪಿಎಂನಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ನೋಡುವಾಗ 152ರಲ್ಲಿ ಆರ್‌ಪಿಎಂ ಇಳಿತ 125 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು.

ಓ-200ರ ದೊಡ್ಡ ತೊಂದರೆ ಕಾರ್ಬ್ಯುರೇಟರ್ ಐಸ್, ಅಂದರೆ ಗಾಳಿಗೆ ಇಂಧನ ಬೆರೆಸುವ ಭಾಗದೊಳಗೆ ಮಂಜುಗಡ್ಡೆ ಕಟ್ಟುವುದು. ಲೈಕಮಿಂಗಿನಲ್ಲಿ ಕಾರ್ಬ್ಯುರೇಟರ್ ಬಿಸಿ ಎಣ್ಣೆ ತುಂಬಿದ ಸಂಪಿಗೇ (ಎಂಜಿನ್ನಿನ ಎಣ್ಣೆ ತೊಟ್ಟಿಗೇ) ಅಂಟಿ ಕೂತಿದೆ, ಕಾಂಟಿನೆಂಟಲಿನಲ್ಲಿ ಆ ಬಿಸಿ ಸಿಗುವುದಿಲ್ಲ. ಮೋಡವಿಲ್ಲದ, ಸಾಧಾರಣ ಸೆಕೆಯ, ತೇವದ ದಿನದಲ್ಲೂ ಐಸ್ ಕಟ್ಟಬಹುದು. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಹಿಡಿಯನ್ನು ಥ್ರಾಟಲ್ ಇಳಿಸುವ ಮೊದಲೇ ಪೂರ್ತಿ ಎಳೆಯಿರಿ. ಅದಕ್ಕೆ ಬಿಸಿ ಬರುವುದು ಎಗ್ಸಾಸ್ಟಿನಿಂದ, ಎಂಜಿನ್ ತಣ್ಣಗಾದ ಮೇಲೆ ಎಳೆದರೆ ಪ್ರಯೋಜನ ಕಡಿಮೆ. ಇನ್ನು ಲೈಕಮಿಂಗಿನಲ್ಲಿ ವಾಲ್ವ್ ತಳ್ಳುವ ಟ್ಯಾಪೆಟ್ ತಾನಾಗಿ ಸರಿಹೊಂದುವ ಹೈಡ್ರಾಲಿಕ್ ಬಗೆಯದಲ್ಲ, ವಾಲ್ವ್ ಕ್ಲಿಯರೆನ್ಸ್ (ಬಿಡುವಿನ ಅಂತರ) ಆಗಾಗ ಅಳೆಯಲೇಬೇಕು. ಎಂಜಿನ್ ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಓವರ್‌ಹಾಲ್ ಅವಧಿ ಓ-200ಕ್ಕೆ 1,800 ಗಂಟೆ, ಎಲ್2ಸಿಗೆ 2,400.

152 ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 715 ಅಡಿ ಏರುತ್ತದೆ, 8,000 ಅಡಿಯಲ್ಲಿ 75 ಶೇಕಡಾ ಶಕ್ತಿಗೆ 107 ನಾಟ್. ಇವು ಹೊಸ ವಿಮಾನದ ಅಂಕಿ. ಟೇಕಾಫ್ ಓಟ 725 ಅಡಿ, 50 ಅಡಿ ಎತ್ತರದ ಅಡ್ಡಿ ದಾಟಲು 1,340. ಒಣ ಹುಲ್ಲಿನ ಮೇಲೆ ನೆಲದ ಓಟದ 15 ಶೇಕಡಾ ಸೇರಿಸಿ. ಹಿಂದಿನಿಂದ ಗಾಳಿಯಿದ್ದರೆ ಪ್ರತಿ 2 ನಾಟಿಗೆ 10 ಶೇಕಡಾ. ಬಿಸಿಲು, ಎತ್ತರ ಎರಡೂ ಸೇರಿದರೆ ಪುಸ್ತಕದ ಕೋಷ್ಟಕ ತೆಗೆಯದೆ ಹೊರಡಬೇಡಿ. ಬಳಸಲು ಸಿಗುವ 93 ಲೀಟರಿಗೆ ಗಂಟೆಗೆ 23 ಲೀಟರ್ ಹಿಡಿದು, 45 ನಿಮಿಷದ್ದು ಮೀಸಲಿಟ್ಟರೆ ಮೂರು ಗಂಟೆ ಚಿಲ್ಲರೆ. ಗೇಜ್ ನಂಬದೆ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆಯಿರಿ. ಎಡ ರೆಕ್ಕೆಯ ಊರುಗೋಲಿನ ಹಿಂದಿರುವ, ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಕೊಳವೆಯಲ್ಲಿ ಹುಳು ಗೂಡು ಕಟ್ಟಿದೆಯೇ ನೋಡಿ. ಅದು ಮುಚ್ಚಿದರೆ ಇಂಧನ ಇಳಿಯುವುದಕ್ಕೇ ಅಡ್ಡಿ.

150ರ ಫ್ಲ್ಯಾಪ್ 40 ಡಿಗ್ರಿವರೆಗೆ ಇಳಿಯುತ್ತದೆ. ಇಳಿಯಲು ಬಹಳ ಚೆನ್ನ, ಆದರೆ ಗೋ-ಅರೌಂಡಿನಲ್ಲಿ (ಇಳಿಯುವುದನ್ನು ಕೈಬಿಟ್ಟು ಮತ್ತೆ ಏರುವಾಗ) ಹಾಗೇ ಬಿಟ್ಟರೆ ಪೂರ್ತಿ ಥ್ರಾಟಲಿಗೂ ವಿಮಾನ ಏರಲು ಒದ್ದಾಡುತ್ತದೆ. ಶಕ್ತಿ ಕೊಟ್ಟ ಕೂಡಲೇ 20ಕ್ಕೆ ತನ್ನಿ. 152ರಲ್ಲಿ ಇದನ್ನು 30 ಡಿಗ್ರಿಗೇ ನಿಲ್ಲಿಸಿದ್ದಾರೆ.

ಕೊಳ್ಳುವ ಮುನ್ನ ಮೂರು ಜಾಗ ಬಿಡಬೇಡಿ. ಸೀಟಿನ ಹಳಿಯ ತೂತು ಸವೆದಿದ್ದರೆ ಟೇಕಾಫಿನಲ್ಲಿ ಸೀಟು ಹಿಂದಕ್ಕೆ ಜಾರುತ್ತದೆ, ಕೈ ಯೋಕನ್ನೂ (ವಿಮಾನ ನಡೆಸುವ ಹಿಡಿಯನ್ನೂ) ಜೊತೆಗೆ ಎಳೆದುಕೊಳ್ಳುತ್ತದೆ. ವಿಮಾನ ತಿರುಗಿಸಲು ಬಾಲದ ಅಡ್ಡರೆಕ್ಕೆ ಒತ್ತುವ ಅಭ್ಯಾಸ ಅನೇಕರಿಗಿದೆ, ಅಲ್ಲಿ ಒಳಗೆ ಬಿರುಕು ಹುಡುಕಿ. ಸ್ಪಿನ್ (ವಿಮಾನ ಸುತ್ತುತ್ತ ಕೆಳಗಿಳಿಯುವುದು, ಅದರಿಂದ ಹೊರಬರುವುದು) ಕಲಿಯುವ ಇರಾದೆಯಿದ್ದರೆ ರಡ್ಡರ್ ಸ್ಟಾಪ್, ಅಂದರೆ ಬಾಲದ ಚುಕ್ಕಾಣಿ ಅತಿಯಾಗಿ ತಿರುಗದಂತೆ ತಡೆಯುವ ತುಂಡಿನ ಬಗ್ಗೆ ಕೇಳಲೇಬೇಕು: ರಡ್ಡರ್ ಸ್ಟಾಪನ್ನು ದಾಟಿ ಸಿಕ್ಕಿಹಾಕಿಕೊಳ್ಳುವ ಅಪಾಯದಿಂದಾಗಿ, ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ 2009ರ ಆದೇಶದಂತೆ ಹೊಸ ಸ್ಟಾಪ್ ಹಾಕಿರಬೇಕು, ಇಲ್ಲವೇ ಸ್ಪಿನ್ ನಿಷೇಧದ ಫಲಕ ಅಂಟಿಸಿರಬೇಕು. ಯಾವುದು ಮಾಡಿದ್ದಾರೆಂದು ಲಾಗ್‌ಬುಕ್ಕಿನಲ್ಲಿ ಬರೆದಿರುತ್ತದೆ.